ಸುಮ್ಮನೆ ಕೂರುವವರ ಕ್ಲಾರ್ಕು

ನನ್ನ ಗಂಡ ಸತ್ತದ್ದು ಮಾತಿನ ನಡುವೆ. ಏಸಿ ರಿಪೇರಿ ಕಂಪನಿಯಲ್ಲಿ ಫೋರ್‌ಮನ್ ಆಗಿದ್ದ ಅವರು, ಕಂಪ್ರೆಸರ್ ಕಳಿಸದ ಅಂಗಡಿಯವನಿಗೆ ಫೋನಿನಲ್ಲಿ ಬೈಯುತ್ತಿದ್ದರು. ಬೈಗುಳ ಅರ್ಧಕ್ಕೆ ನಿಂತಿತು. ಆ ಕಡೆಯವನು ಲೈನು ಕಟ್ಟಾಯಿತೆಂದುಕೊಂಡು ಮತ್ತೆ ಮತ್ತೆ ಫೋನ್ ಮಾಡಿದನಂತೆ. ವಿಷಯ ತಿಳಿದ ಮೇಲೆ ಮನೆಗೆ ಬಂದು ಅತ್ತ. ಕಂಪ್ರೆಸರನ್ನೂ ಮರುದಿನವೇ ಕಳಿಸಿದ. ಒಂದು ಕಂಪ್ರೆಸರ್ ಬರಲು ನಮ್ಮ ಮನೆಯಿಂದ ಇಷ್ಟು ಖರ್ಚಾಯಿತು.

ಊರಿಗೆ ಕೊಂಡುಹೋಗಿ ಉಡುಪಿಯ ಹತ್ತಿರದ ನಮ್ಮ ಕ್ರಿಸ್ತ ಸಭೆಯ ಸ್ಮಶಾನದಲ್ಲಿ ಮಣ್ಣು ಮಾಡಿ, ನಾನು ದೋಹಾಕ್ಕೆ ಹಿಂದೆ ಬಂದೆ. ಇಲ್ಲಿ ನನಗೆ ಕೆಲಸ ಇತ್ತು. ಅಲ್ ವುಕೈರಿನ ಒಂದು ನರ್ಸರಿಯಲ್ಲಿ ಮಕ್ಕಳ ಮೂಗು ಒರೆಸುವುದು, ಊಟ ಮಾಡಿಸುವುದು, ಮಲಗಿಸುವುದು. ಓದಿದ್ದು ಎಸ್ಸೆಲ್ಸಿ. ನಮಗೆ ಮಕ್ಕಳಿಲ್ಲ, ಇಲ್ಲಿಯಾದರೆ ದಿನಾ ಬೆಳಿಗ್ಗೆ ಏಳು ಗಂಟೆಗೆ ಬೇರೆಯವರ ಮಕ್ಕಳು ಬಂದು ಕಾಲು ಹಿಡಿದುಕೊಳ್ಳುತ್ತವೆ. ಊರಿನಲ್ಲಿ ಇದ್ದರೆ ನನ್ನ ಕಾಲು ಹಿಡಿಯುವವರು ಯಾರು?

ನನ್ನ ಗಂಡ ಮಾತಿನ ಮನುಷ್ಯ. ಲಿಫ್ಟಿನಲ್ಲಿ ಸಿಕ್ಕಿದವರ ಹತ್ತಿರ, ಮೂರನೇ ಮಹಡಿ ಬರುವುದರೊಳಗೆ, ಅವರ ಊರು, ಕಂಪನಿ, ಶುಗರ್ ಇದೆಯೋ ಇಲ್ಲವೋ, ಎಲ್ಲ ಕೇಳಿ ಮುಗಿಸುತ್ತಿದ್ದರು. ನಿದ್ದೆಯಲ್ಲಿಯೂ ಮಾತು. ಅದೂ ಹಿಂದಿಯಲ್ಲಿ, ಹೆಲ್ಪರ್‌ಗಳಿಗೆ ಆರ್ಡರ್. ನಡುರಾತ್ರಿ ನನಗೆ "ಅರೇ, ಸೀಡಿ ಪಕಡ್" ಎಂದು ಹೇಳಿದ್ದಾರೆ. ನಾನು ಏಣಿ ಹಿಡಿಯದೆ ಮಗ್ಗುಲು ಬದಲಿಸಿ ಮಲಗುತ್ತಿದ್ದೆ.

ಇಂಥವರು ಶುಕ್ರವಾರಗಳಲ್ಲಿ ಮಾಯವಾಗಲು ಶುರುಮಾಡಿದರು. ಶುಕ್ರವಾರ ಬೆಳಿಗ್ಗೆ ನಮ್ಮ ಕನ್ನಡ ಆರಾಧನೆ ಅಬು ಹಮೂರಿನಲ್ಲಿ, ಎಲ್ಲ ಚರ್ಚುಗಳೂ ಒಟ್ಟಿಗೆ ಇರುವ ಕಾಂಪ್ಲೆಕ್ಸಿನಲ್ಲಿ. ನನ್ನನ್ನು ಗೇಟಿನ ಹತ್ತಿರ ಇಳಿಸಿ, "ನಾನು ಫ್ರೆಂಡ್ಸ್ ಹತ್ರ ಹೋಗಿ ಬರ್ತೇನೆ. ಮೀಟಿಂಗ್ ಉಂಟು" ಎಂದು ಕಾರು ತಿರುಗಿಸುತ್ತಿದ್ದರು. ನಮ್ಮ ಕಡೆಯ ಗಂಡಸರ ಬಾಯಲ್ಲಿ ಫ್ರೆಂಡ್ಸ್ ಎಂದರೆ ಇಸ್ಪೀಟು, ಮೀಟಿಂಗ್ ಎಂದರೆ ಬಾಟಲಿ. ದೇವರ ಆರಾಧನೆಯ ಹೊತ್ತಿಗೇ ಇಟ್ಟುಕೊಂಡಿದ್ದಾರಲ್ಲ ಎಂದು ನನಗೆ ಉರಿಯಿತು. ಹಿಂದೆ ಬಂದು ಕಾರು ಹತ್ತಿಸಿಕೊಂಡಾಗ ಏನೋ ಹೇಳುವವಳಂತೆ ಹತ್ತಿರ ಬಾಗಿ ಬಾಯಿ ಮೂಸಿ ನೋಡಿದೆ. ಶುಂಠಿ ಬಿಸ್ಕತ್ತಿನ ವಾಸನೆ.

ನಾಲ್ಕೈದು ವಾರ ಬಿಸ್ಕತ್ತಿನದ್ದೇ ವಾಸನೆ ಬಂದ ಮೇಲೆ ಕೇಳಿದೆ.

"ಎಂತ ಫ್ರೆಂಡ್ಸ್ ಅದು?"

"ಅವರ ಹೆಸರೇ ಫ್ರೆಂಡ್ಸ್ ಮಾರಾಯ್ತಿ. ಕ್ವೇಕರ್ ಅಂತಲೂ ಹೇಳ್ತಾರೆ. ಕ್ರಿಸ್ತಾನರೇ. ಪಾದ್ರಿ ಇಲ್ಲ, ಸಂಗೀತ ಇಲ್ಲ, ಪ್ರಸಂಗ ಇಲ್ಲ. ಸುಮ್ಮನೆ ಕೂರುವುದು."

"ಎಷ್ಟು ಹೊತ್ತು?"

"ಒಂದು ಗಂಟೆ."

"ಯಾರು, ನೀವಾ?"

"ಮತ್ತೆ? ನಾನೇ."

ನಾನು ಸೀಟ್ ಬೆಲ್ಟ್ ಹಿಡಿದುಕೊಂಡು ನಕ್ಕೆ. ನನಗೆ ಗೊತ್ತಿದ್ದ ಮೌನವೆಂದರೆ ಯಾರಾದರೂ ದೊಡ್ಡವರು ಸತ್ತಾಗ ಶಾಲೆಯಲ್ಲಿ ಎದ್ದು ನಿಂತು ಮಾಡುವ ಎರಡು ನಿಮಿಷದ್ದು. ಅದರಲ್ಲಿಯೂ ಹಿಂದಿನ ಸಾಲಿನವರಿಗೆ ನಗು ತಡೆಯಲಾಗುತ್ತಿರಲಿಲ್ಲ. ಒಂದು ಗಂಟೆ ಮಾಡಬೇಕಾದರೆ ಯಾರು ಸಾಯಬೇಕು?

ಕಾಂಪ್ಲೆಕ್ಸಿಗೆ ಹತ್ತಿರವೇ ಒಂದು ಕಾಂಪೌಂಡಿನ ವಿಲ್ಲಾದಲ್ಲಿ ಒಬ್ಬ ಇಂಗ್ಲಿಷ್ ಟೀಚರಮ್ಮ ಇದ್ದರು. ಶಾಲೆಯಲ್ಲಿ ಗಣಿತ ಕಲಿಸುವವರು. ಅವರ ಏಸಿ ನೋಡಲು ನನ್ನ ಗಂಡ ಹೋದದ್ದು ಒಂದು ಶುಕ್ರವಾರ. ಬಾಗಿಲು ತೆರೆದು, ತುಟಿಯ ಮೇಲೆ ಬೆರಳಿಟ್ಟು ಕುರ್ಚಿ ತೋರಿಸಿದರಂತೆ. ಒಳಗೆ ಏಳೆಂಟು ಜನ ವೃತ್ತಾಕಾರದಲ್ಲಿ ಕುಳಿತು ನೆಲ ನೋಡುತ್ತಿದ್ದರು. ಯಾರೋ ತೀರಿಹೋಗಿದ್ದಾರೆಂದು ಇವರೂ ಟೂಲ್‌ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮರ್ಯಾದೆಗೆ ಕುಳಿತರು. ಗಂಟೆ ಕಳೆದ ಮೇಲೆ ಎಲ್ಲರೂ ನಗುತ್ತಾ ಎದ್ದು ಚಹಾ ಕುಡಿದಾಗಲೇ ಯಾರೂ ಸತ್ತಿಲ್ಲವೆಂದು ಗೊತ್ತಾದದ್ದು. ಮುಂದಿನ ವಾರ ಏಸಿ ಸರಿಯಿದ್ದರೂ ಹೋದರು. ಆಮೇಲೆ ಬಿಡಲೇ ಇಲ್ಲ.

ಕ್ವೇಕರ್ ಎಂದರೆ ನಡುಗುವವರು ಎಂದು ಅರ್ಥವಂತೆ. ಹಳೆಯ ಕಾಲದಲ್ಲಿ ದೇವರ ಎದುರು ನಡುಗುತ್ತಿದ್ದರಂತೆ. ಟೀಚರಮ್ಮ ಏಸಿಯನ್ನು ಹದಿನೆಂಟಕ್ಕೆ ಇಡುತ್ತಿದ್ದರು. ಅಲ್ಲಿ ನಡುಗಲು ದೇವರು ಬೇಕಾಗಿಯೇ ಇರಲಿಲ್ಲ.

ನಾನು ಮಾತ್ರ ಒಮ್ಮೆಯೂ ಹೋಗಲಿಲ್ಲ. ನನಗೆ ನಮ್ಮ ಸಂಗೀತಗಳು, ಆರಾಧನೆಯ ಹಾಡುಗಳು, ಬೇಕಿತ್ತು. ಹಾಡುವವರ ಆಲ್ಟೋ ಸಾಲಿನಲ್ಲಿ ನನಗೊಂದು ಜಾಗ ಇತ್ತು.

ಊರಿಂದ ಹಿಂದೆ ಬಂದ ಮೇಲೆ ಆ ಜಾಗವೇ ಕಷ್ಟಕ್ಕೆ ಬಂತು. ನನ್ನ ಗಂಡನ ಅಣ್ಣ, ಅಂದರೆ ಭಾವ, ಅಲ್ ಗರಾಫಾದಲ್ಲಿ ಇದ್ದಾರೆ. ಒಂದು ದೊಡ್ಡ ಕಂಪನಿಯಲ್ಲಿ ಹೆಡ್ ಕ್ಲಾರ್ಕ್. ನಮ್ಮ ಕನ್ನಡ ಆರಾಧನೆಯ ಕಾರ್ಯದರ್ಶಿಯೂ ಹೌದು. ಮೈಕ್ ಕೆಟ್ಟರೂ ಗೊತ್ತಾಗದಂಥ ಗಂಟಲು. ತಮ್ಮ ಹೋದಾಗ ಎಂಬಸಿ, ವಿಮಾನ, ಪೆಟ್ಟಿಗೆ, ಎಲ್ಲ ಓಡಾಡಿದವರು ಅವರೇ. ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾನು ನೋಡಲಿಲ್ಲ. "ಈಗ ಅಳುವ ಟೈಮ್ ಅಲ್ಲ, ಪೇಪರ್ ಮಾಡುವ ಟೈಮ್" ಎಂದಿದ್ದರು. ಪೇಪರ್ ಮುಗಿದ ಮೇಲೆ ನನ್ನ ಹಿಂದೆ ಬಿದ್ದರು.

"ನೀನು ಸಾಕ್ಷಿ ಹೇಳಬೇಕು."

ಸಾಕ್ಷಿ ಎಂದರೆ ಕೋರ್ಟಿನದ್ದಲ್ಲ. ನಮ್ಮ ಸಭೆಗಳಲ್ಲಿ, ಕಷ್ಟದಲ್ಲಿ ದೇವರು ಹೇಗೆ ಕೈಹಿಡಿದ ಎಂದು ಎಲ್ಲರ ಮುಂದೆ ನಿಂತು ಹೇಳುವುದು.

"ಎಂತ ಹೇಳುವುದು ಭಾವ?"

"ದೇವರು ನಿನ್ನನ್ನು ಹೇಗೆ ಸಂತೈಸಿದ ಅಂತ."

"ಇನ್ನೂ ಸಂತೈಸಲಿಲ್ಲ."

"ಹಾಗೆಲ್ಲ ಹೇಳಲಿಕ್ಕಿಲ್ಲ ಮಾರಾಯ್ತಿ. ಹೇಳ್ತಾ ಹೇಳ್ತಾ ಬರ್ತದೆ. ಹತ್ತು ನಿಮಿಷ ಸಾಕು. ಜನರಿಗೆ ಆಶೀರ್ವಾದ ಆಗ್ತದೆ."

ಪ್ರತಿ ಶುಕ್ರವಾರ ಅವರು ಮೈಕನ್ನು ಕೈಯಲ್ಲಿ ಹಿಡಿದು ನಾನು ಕುಳಿತ ಸಾಲನ್ನು ನೋಡುತ್ತಿದ್ದರು. ನಾನು ಚಪ್ಪಲಿ ನೋಡುತ್ತಿದ್ದೆ. ನನ್ನ ದುಃಖದಿಂದ ಬೇರೆಯವರಿಗೆ ಆಶೀರ್ವಾದ ಆಗುವುದಾದರೆ ಆಗಲಿ. ಆದರೆ ಅದಕ್ಕೆ ನಾನು ಎದ್ದು ನಿಲ್ಲಬೇಕಾ?

ಒಂದು ಶುಕ್ರವಾರ ಮೈಕು ನಮ್ಮ ಸಾಲಿನವರೆಗೇ ನಡೆದು ಬಂತು. ನಾನು ಬಾತ್‌ರೂಮಿಗೆ ಹೋಗುವವಳಂತೆ ಎದ್ದು, ಹೊರಗೆ ಬಂದು, ಗೇಟು ದಾಟಿ, ಬಿಸಿಲಿನಲ್ಲಿ ನಡೆಯುತ್ತಾ ಆ ವಿಲ್ಲಾಕ್ಕೆ ಹೋದೆ. ಟೀಚರಮ್ಮ ಬಾಗಿಲು ತೆರೆದರು. ನನ್ನನ್ನು ಯಾರೆಂದು ಕೇಳಲಿಲ್ಲ, ಫೋಟೋದಲ್ಲಿ ನೋಡಿದ್ದರಂತೆ. ಸಮಾಧಾನ ಮಾಡಿಕೊಳ್ಳಿ ಎನ್ನಲಿಲ್ಲ. ಕುರ್ಚಿ ತೋರಿಸಿದರು.

ಏಳೆಂಟು ಜನರಿದ್ದ ವೃತ್ತದಲ್ಲಿ ಈಗ ಟೀಚರಮ್ಮ ಮತ್ತು ಒಬ್ಬ ಡಚ್ ಇಂಜಿನಿಯರ್ ಮಾತ್ರ. ಉಳಿದವರೆಲ್ಲ ಕೆಲಸ ಮುಗಿದು ಬೇರೆ ಬೇರೆ ದೇಶಗಳಿಗೆ ಹೋಗಿದ್ದರು. ಇಬ್ಬರಿಗೆ ವೃತ್ತ ಎನ್ನಲಾಗುವುದಿಲ್ಲ. ಎದುರು ಬದುರು ಕುಳಿತಿದ್ದರು. ಇಂಜಿನಿಯರ್ ಕಣ್ಣು ಮುಚ್ಚಿ ಕೂತ ರೀತಿ ನೋಡಿ ದೊಡ್ಡ ಭಕ್ತರಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿತು.

ನಾನು ಕೂತೆ. ಯಾರೂ ಏನೂ ಕೇಳಲಿಲ್ಲ. ಏಸಿ ಮಾತ್ರ ಗುಂಯ್ ಅನ್ನುತ್ತಿತ್ತು. ಟೀಚರಮ್ಮ ಇಂಜಿನಿಯರ್‌ರ ಕೈ ಕುಲುಕಿ ಗಂಟೆ ಮುಗಿಸಿದಾಗ ನನ್ನ ಸೀರೆಯ ಸೆರಗು ಹಿಂಡುವಷ್ಟು ಒದ್ದೆಯಾಗಿತ್ತು. ಚಹಾ ಕೊಡುವಾಗ ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ ಟೀಚರಮ್ಮನನ್ನು ಒಂದೇ ಮಾತು ಕೇಳಿದೆ.

"ನನ್ನ ಗಂಡ ಇಲ್ಲಿ ಮಾತಾಡುತ್ತಿದ್ದರಾ?"

ಈ ಮೌನದಲ್ಲಿ ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳಬಹುದು, ಅದು ಇವರ ಪದ್ಧತಿ. ಟೀಚರಮ್ಮ ಯೋಚಿಸಿದರು. "ಇಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಇಲ್ಲ. ನಮ್ಮಲ್ಲಿ ಅತಿ ಮೌನಿ ಅವರೇ."

ನನಗೆ ಬಂದದ್ದು ಸಿಟ್ಟು. ಇದ್ದ ಮಾತನ್ನೆಲ್ಲ ಮನೆಯಲ್ಲಿ ನನ್ನ ತಲೆಯ ಮೇಲೆ ಸುರಿದು, ಮೌನವನ್ನು ಮಾತ್ರ ತಂದು ಈ ಬಿಳಿಯರಿಗೆ ಕೊಟ್ಟಿದ್ದರು. ಅದು ನಾನು ನೋಡದೇ ಇದ್ದ ಗಂಡ. ಅವರ ಬೇರೆಲ್ಲ ಸಾಮಾನೂ ನನ್ನ ಹತ್ತಿರ ಇದೆ, ಚಪ್ಪಲಿ, ಕನ್ನಡಕ, ವಾಟ್ಸಾಪಿನಲ್ಲಿ ಕಳಿಸಿದ ಉದ್ದುದ್ದ ವಾಯ್ಸ್ ಮೆಸೇಜು. ಇದೊಂದು ಇಲ್ಲಿ ಉಳಿದಿತ್ತು. ನನ್ನ ಪಾಲು ವಸೂಲಿ ಮಾಡಲು ನಾನು ಪ್ರತಿ ಶುಕ್ರವಾರ ಹೋಗತೊಡಗಿದೆ. ಸುಳ್ಳು ಯಾಕೆ ಹೇಳಲಿ, ಆ ಕೋಣೆಯಲ್ಲಿ ಅವರು ಪಕ್ಕದಲ್ಲಿ ಸುಮ್ಮನೆ ಕೂತಿದ್ದಾರೆ ಎಂದೇ ಅನ್ನಿಸುತ್ತಿತ್ತು. ಮದುವೆಯಾದ ಮೇಲೆ ಅವರು ಬಾಯಿ ಮುಚ್ಚಿ ನನ್ನ ಪಕ್ಕದಲ್ಲಿ ಕೂತದ್ದು ಅಲ್ಲೇ ಮೊದಲು.

ಶಾಲೆಯ ವರ್ಷ ಮುಗಿಯುತ್ತಾ ಬಂದಾಗ ಟೀಚರಮ್ಮ ಹೇಳಿದರು, ತಾನು ರಿಟೈರ್ ಆಗಿ ಊರಿಗೆ ಹೋಗುತ್ತೇನೆ, ವಿಲ್ಲಾ ಶಾಲೆಯವರದ್ದು, ಆದ್ದರಿಂದ ಮೀಟಿಂಗನ್ನು "ಲೇ ಡೌನ್" ಮಾಡಬೇಕಾಗಬಹುದು ಎಂದು. ನಮ್ಮ ನರ್ಸರಿಯಲ್ಲಿ ದಿನಾ ಊಟವಾದ ಮೇಲೆ ಮಕ್ಕಳನ್ನು ಲೇ ಡೌನ್ ಮಾಡಿಸುತ್ತೇವೆ.

"ಎಷ್ಟು ಗಂಟೆಗೆ ಏಳಿಸುವುದು?" ಎಂದು ನಾನು ಕೇಳಿದೆ.

"ಏಳಿಸುವುದಿಲ್ಲ. ಮುಚ್ಚುವುದು" ಎಂದರು ಇಂಜಿನಿಯರ್.

ಮುಚ್ಚಿದರೆ ನನ್ನ ಶುಕ್ರವಾರಕ್ಕೆ ಉಳಿಯುವುದು ಭಾವನ ಮೈಕು. ಅದು ಹೋಗಲಿ ಎಂದರೂ, ಪಕ್ಕದಲ್ಲಿ ಸುಮ್ಮನೆ ಕೂರುವ ಗಂಡನನ್ನು ಎಲ್ಲಿ ಹುಡುಕುವುದು? ಇನ್ನೊಂದು ಸಲ ಮಣ್ಣು ಮಾಡಬೇಕು, ಅಷ್ಟೆ.

"ಒಂದು ದಾರಿ ಇದೆ. ನೀವು ಕ್ಲಾರ್ಕ್ ಆಗ್ತೀರಾ?" ಎಂದರು ಟೀಚರಮ್ಮ.

ಇಲ್ಲಿ ಐಡಿ ಕಾರ್ಡಿನಲ್ಲಿ ಬರೆದ ಕೆಲಸ ಬಿಟ್ಟು ಬೇರೆ ಕೆಲಸ ಮಾಡುವುದೆಂದರೆ ಏನೆಂದು ಗಲ್ಫಿನಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಡ್ರೈವರ್ ವೀಸಾದವನು ಅಂಗಡಿಯಲ್ಲಿ ಕೂತು ಸಿಕ್ಕಿಬಿದ್ದು ಊರಿಗೆ ಹೋದ ಕಥೆಗಳು ನಮ್ಮ ಬಿಲ್ಡಿಂಗಿನಲ್ಲಿ ಮಹಡಿಗೊಂದು ಇವೆ.

"ಬೇಡ ಮೇಡಮ್. ನನ್ನದು ನರ್ಸರಿ ವೀಸಾ" ಎಂದೆ.

ಟೀಚರಮ್ಮನಿಗೆ ಅರ್ಥವಾಗಲಿಲ್ಲ. "ಇದಕ್ಕೆ ಸಂಬಳ ಇಲ್ಲ" ಎಂದರು, ಧೈರ್ಯ ಕೊಡುವಂತೆ.

ಸಂಬಳವಿಲ್ಲದ ಕ್ಲಾರ್ಕು ಎಂದರೆ ನನಗೆ ಇನ್ನೂ ಹೆದರಿಕೆಯಾಯಿತು. "ನನಗೆ ಟೈಪಿಂಗ್ ಬರುವುದಿಲ್ಲ. ಅರಬಿ ಬರುವುದಿಲ್ಲ. ಭಾವ ಕ್ಲಾರ್ಕ್ ಇದ್ದಾರೆ, ಬೇಕಾದರೆ ಅವರ ನಂಬರ್ ಕೊಡುತ್ತೇನೆ."

ಅಷ್ಟು ಹೊತ್ತಿಗೆ ಇಂಜಿನಿಯರ್‌ಗೆ ಪೂರ್ತಿ ಎಚ್ಚರವಾಗಿತ್ತು. ಅವರು ಬಿಡಿಸಿ ಹೇಳಿದರು. ಪಾದ್ರಿ, ಅಧ್ಯಕ್ಷ ಇಲ್ಲದ ಈ ಜನ, ಸಭೆಯನ್ನು ನೋಡಿಕೊಳ್ಳುವವರನ್ನು ಕ್ಲಾರ್ಕ್ ಎನ್ನುತ್ತಾರೆ. ತೀರ್ಮಾನಕ್ಕೆ ಕೈ ಎತ್ತಿಸುವುದಿಲ್ಲ, ಎಣಿಸುವುದಿಲ್ಲ. ಎಲ್ಲರೂ ಕೂತು, ಹೇಳಬೇಕಾದದ್ದನ್ನು ಹೇಳಿ, ಮತ್ತೆ ಸುಮ್ಮನಾಗುತ್ತಾರೆ. ಎಲ್ಲರ ಮನಸ್ಸು ಎಲ್ಲಿಗೆ ಬಂದು ನಿಂತಿದೆ ಎಂದು ಕ್ಲಾರ್ಕ್ ಕಂಡುಹಿಡಿದು, ಅಲ್ಲಿಯೇ ಬರೆದು, ಓದಿ ಹೇಳಬೇಕು. ತನ್ನ ಮನಸ್ಸಿನದ್ದನ್ನು ಬರೆಯುವ ಹಾಗಿಲ್ಲ.

"ಕೈ ಎತ್ತುವುದಿಲ್ಲವಾ?"

"ಇಲ್ಲ."

ನಮ್ಮೂರಿನವರ ಸಂಘ ದೋಹಾದಲ್ಲಿ ಕೈ ಎತ್ತಿ ಎತ್ತಿಯೇ ಎರಡಾಯಿತು, ನಾಲ್ಕಾಯಿತು. ಈಗ ಕೆಲವು ಸಂಘಗಳಲ್ಲಿ ಪದಾಧಿಕಾರಿಗಳು ಮಾತ್ರ ಇದ್ದಾರೆ, ಸದಸ್ಯರಿಲ್ಲ. ಕೈ ಎತ್ತದ ಸಂಘವೆಂದರೆ ನೋಡಬಹುದು ಎನ್ನಿಸಿತು. ಒಪ್ಪಿದೆ.

ಭಾವನಿಗೆ ಹೇಳಿದಾಗ ಅವರ ಮುಖ ಕೆಂಪಾಯಿತು. "ನೀನು? ಕ್ಲಾರ್ಕ್? ನಾನು ಬಿಕಾಂ ಮಾಡಿ ಇಪ್ಪತ್ತು ವರ್ಷ ಫೈಲ್ ಎತ್ತಿ ಹೆಡ್ ಕ್ಲಾರ್ಕ್ ಆದದ್ದು. ನೀನು ಸುಮ್ಮನೆ ಕೂತು ಆದದ್ದಾ?"

"ಹೌದು ಭಾವ. ಸುಮ್ಮನೆ ಕೂತೇ ಆದದ್ದು."

ಕ್ಲಾರ್ಕ್ ಆದ ಮೇಲೆ ಮೊದಲ ಕೆಲಸ ಜನ ಹುಡುಕುವುದು. ನಮ್ಮ ನರ್ಸರಿಯಲ್ಲಿ ನನ್ನ ಜೊತೆ ಕೀನ್ಯಾದವಳೊಬ್ಬಳು ಇದ್ದಾಳೆ. ನನಗಿಂತ ಚಿಕ್ಕವಳು, ಎತ್ತರದ ಆಳು. ಎರಡು ಮಕ್ಕಳನ್ನು ಎರಡು ಕಂಕುಳಲ್ಲಿ ಹಿಡಿದು ಮೂರನೆಯದನ್ನು ಕಾಲಲ್ಲಿ ಆಡಿಸಬಲ್ಲಳು. ನನ್ನನ್ನು ಮಾಮಾ ಎನ್ನುತ್ತಾಳೆ, ಅವರಲ್ಲಿ ಹಾಗೆಂದರೆ ಅಮ್ಮ. ನಮ್ಮಿಬ್ಬರ ಇಂಗ್ಲಿಷ್ ಒಂದೇ ಅಳತೆಯದ್ದಾದ್ದರಿಂದ ತೊಂದರೆಯಿಲ್ಲ. ಮಕ್ಕಳು ಮಲಗಿರುವಾಗ ಪಿಸುಮಾತಿನಲ್ಲಿ ಕ್ವೇಕರ್ ವಿಷಯ ತೆಗೆದೆ. ಅವಳು ಕೈಯಲ್ಲಿದ್ದ ಡೈಪರ್ ಕೆಳಗೆ ಹಾಕಿದಳು.

"ಮಾಮಾ, ನಾನು ಹುಟ್ಟಿನಿಂದ ಫ್ರೆಂಡ್!"

ನನಗೆ ಗೊತ್ತಿರಲಿಲ್ಲ. ಅವಳ ಊರಿನ ಕಡೆ ಊರಿಗೆ ಊರೇ ಕ್ವೇಕರ್ ಅಂತೆ. ಇಲ್ಲಿ ಅಂಥವರು ಇದ್ದಾರೆಂದು ಅವಳಿಗೂ ಗೊತ್ತಿರಲಿಲ್ಲ. ಇಬ್ಬರೂ ಒಂದೇ ಸಿಂಕಿನಲ್ಲಿ ವರ್ಷಗಟ್ಟಲೆ ಬಾಟಲಿ ತೊಳೆದಿದ್ದೆವು.

ಮುಂದಿನ ಶುಕ್ರವಾರ ಅವಳು ಇಬ್ಬರು ಗೆಳತಿಯರನ್ನು ಕರೆದುಕೊಂಡು ವಿಲ್ಲಾಕ್ಕೆ ಬಂದಳು, ಮನೆಗೆಲಸಕ್ಕೆ ಇರುವವರು. ಹಳದಿ, ಕೆಂಪು ಬಟ್ಟೆ, ತಲೆಗೆ ಅದೇ ಬಣ್ಣದ ವಸ್ತ್ರ. ಟೀಚರಮ್ಮ ಸಂತೋಷದಿಂದ ಕುರ್ಚಿ ಹಾಕಿದರು. ಎಲ್ಲರೂ ಕೂತೆವು. ನಾನು ಕಣ್ಣು ಮುಚ್ಚಿ ಗಂಡನಿಗಾಗಿ ಕಾದೆ. ಅವರು ಇನ್ನೇನು ಬಂದು ಕೂರಬೇಕು, ಅಷ್ಟರಲ್ಲಿ ಇವಳು ಎದ್ದು ಕೈ ತಟ್ಟಿ ಹಾಡಲು ಶುರುಮಾಡಿದಳು. ಗೆಳತಿಯರೂ ಎದ್ದರು. ಮೂವರದ್ದೂ ಛಾವಣಿ ಎತ್ತುವ ಕಂಠ. ಇಂಜಿನಿಯರ್ ಬೆಂಕಿಯ ಅಲಾರಂ ಎಂದುಕೊಂಡು ಬಾಗಿಲವರೆಗೆ ಓಡಿದರು. ಟೀಚರಮ್ಮನ ಮುಖದ ಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದಂಥ ನಗು. ನನ್ನ ಗಂಡ ಪಲಾಯನ.

ಚಹಾದ ಹೊತ್ತಿಗೆ ಇಂಜಿನಿಯರ್ ಮೆತ್ತಗೆ ಹೇಳಿದರು, "ಇದು ಫ್ರೆಂಡ್ಸ್ ಪದ್ಧತಿ ಅಲ್ಲ."

ಅವಳು ಬಿಸ್ಕತ್ತು ನುಂಗಿ, ಸೊಂಟದ ಮೇಲೆ ಕೈಯಿಟ್ಟಳು. "ನನ್ನ ಅಜ್ಜಿ ಫ್ರೆಂಡ್. ನಮ್ಮಲ್ಲಿ ಪಾಸ್ಟರ್ ಇದ್ದಾರೆ, ಕ್ವಾಯರ್ ಇದೆ, ಡ್ರಮ್ ಇದೆ. ನಿಮ್ಮ ಅಜ್ಜಿ ಯಾರು?"

ಇಂಜಿನಿಯರ್‌ರ ಅಜ್ಜಿ ಬೇರೆ ಯಾವುದೋ ಚರ್ಚಿನವರು.

ನನ್ನ ಮನಸ್ಸು ಇಂಜಿನಿಯರ್ ಕಡೆಗೇ ಇತ್ತು. ಹಾಡು ಬೇಕಾದರೆ ಕಾಂಪ್ಲೆಕ್ಸಿನಲ್ಲಿ ಎಷ್ಟು ಭಾಷೆಯಲ್ಲಿ ಬೇಕೋ ಅಷ್ಟು ಸಿಗುತ್ತದೆ. ನನಗೆ ಬೇಕಿದ್ದ ಒಂದು ಗಂಟೆ ಇಡೀ ಕತಾರಿನಲ್ಲಿ ಇಲ್ಲಿ ಮಾತ್ರ ಇತ್ತು. ಜನ ಕರೆತಂದವಳು ನಾನೇ. ಕರೆತಂದವರು ನನ್ನ ಗಂಡನನ್ನು ಓಡಿಸಿದರು. ಆದರೆ ಅವರನ್ನು ಬಿಟ್ಟರೆ ಟೀಚರಮ್ಮ ಹೋದ ಮೇಲೆ ಉಳಿಯುವುದು ನಾನು ಮತ್ತು ಒಂದು ಗೊರಕೆ.

ಟೀಚರಮ್ಮ ಹೊರಡುವ ಮೊದಲಿನ ಕೊನೆಯ ಶುಕ್ರವಾರ ತೀರ್ಮಾನದ ಸಭೆ. ನನ್ನ ಮುಂದೆ ಒಂದು ಕಾಗದ, ಪೆನ್ನು. ಬರೆಯಬೇಕಾದದ್ದನ್ನು ನಾನು ಬಸ್ಸಿನಲ್ಲೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ: ಮೀಟಿಂಗ್ ನನ್ನ ಫ್ಲಾಟಿನಲ್ಲಿ ನಡೆಯುವುದು, ಹಾಡು ಇಲ್ಲ. ಉಳಿದವರ ಮನಸ್ಸು ಬಂದು ಇಲ್ಲಿಗೇ ನಿಲ್ಲಲಿ ಎಂದು ಪ್ರಾರ್ಥಿಸಿದ್ದೆ ಕೂಡ. ಕ್ಲಾರ್ಕ್ ಹಾಗೆ ಪ್ರಾರ್ಥಿಸಬಾರದಂತೆ. ನನಗೆ ಆಗ ಗೊತ್ತಿರಲಿಲ್ಲ.

ಇಂಜಿನಿಯರ್ ಹೇಳಿದರು: ಮೌನವೇ ನಮ್ಮ ಮೂಲ, ಅದು ಹೋದರೆ ನಾವು ಬೇರೆ ಇನ್ನೊಂದು ಚರ್ಚು. ಎಲ್ಲರೂ ಸುಮ್ಮನಾದೆವು. ನಾನು ಪೆನ್ನಿನ ಮುಚ್ಚಳ ತೆಗೆದೆ.

ಆಗ ನಮ್ಮ ನರ್ಸರಿಯವಳು ಎದ್ದು ನಿಂತಳು. ಈ ಸಲ ಕೈ ತಟ್ಟಲಿಲ್ಲ.

"ಮಾಮಾಗೆ ಗೊತ್ತು ನಮ್ಮ ಕೆಲಸ. ಬೇಬಿ ಮಲಗಿದೆ, ಶ್. ಈ ಇಬ್ಬರು ಮನೆಗೆಲಸದವರು. ಮೇಡಮ್ ಮಲಗಿದ್ದಾರೆ, ಶ್. ಯಜಮಾನ ಬಾಬಾ ಫೋನಿನಲ್ಲಿ ಇದ್ದಾರೆ, ಶ್. ಆರು ದಿನ ಸುಮ್ಮನಿರುವುದೇ ನಮ್ಮ ಡ್ಯೂಟಿ. ಏಳನೆಯ ದಿನ ಬಂದರೆ ನೀವೂ ಶ್ ಅಂದರೆ, ಅದು ಓವರ್‌ಟೈಮ್."

ಕೂತಳು. ಗೆಳತಿಯರು ನಗು ತಡೆದರು. ಟೀಚರಮ್ಮ ತಡೆಯಲಿಲ್ಲ.

ಆಮೇಲಿನ ಮೌನ ಉದ್ದವಿತ್ತು. ನಾನು ಕಾಗದ ನೋಡುತ್ತಾ ಕೂತೆ. ಸೈಟಿನಲ್ಲಿ ವಾರವಿಡೀ ನಾಲ್ಕು ಭಾಷೆಯಲ್ಲಿ ಕಿರುಚುತ್ತಿದ್ದ ಮನುಷ್ಯ ನನ್ನ ಗಂಡ. ಯಲ್ಲಾ, ಜಲ್ದಿ, ವೇಗಂ, ಬೇಗ. ಅವರಿಗೆ ಮಾತು ಡ್ಯೂಟಿ, ಈ ಕೋಣೆ ರಜೆ. ಇವರಿಗೆ ಅದು ತಿರುಗುಮುರುಗು. ಹಾಗಾದರೆ ಮನೆಗೆ ಬಂದು ನನ್ನ ಹತ್ತಿರ ಮಾತಾಡಿದ್ದು ಓವರ್‌ಟೈಮಾ? ಇರಬಹುದು. ಓವರ್‌ಟೈಮನ್ನು ಯಾರೂ ಪುಕ್ಕಟೆ ಮಾಡುವುದಿಲ್ಲ. ಅವರು ನನಗೆ ಮಾಡಿದ್ದರು. ನಾನು ಎಸ್ಸೆಲ್ಸಿಯವಳಾದರೂ ಇಷ್ಟು ಲೆಕ್ಕ ನನಗೆ ಬರುತ್ತದೆ. ಅವರು ಆ ಕುರ್ಚಿಯಲ್ಲಿ ತಮ್ಮ ರಜೆ ತೆಗೆದುಕೊಂಡು ಹೋಗಿ ಆಯಿತು. ಅದನ್ನು ಇನ್ನೂ ಕಾದಿಡಬೇಕೆಂದು ಇವರ ರಜೆ ಕಸಿದುಕೊಂಡರೆ ಅವರೇ ಬೈಯುತ್ತಿದ್ದರು. ಹಿಂದಿಯಲ್ಲಿ ಬೈಯುತ್ತಿದ್ದರು.

ನನಗೆ ಬೇಡದ್ದನ್ನು ನಾನೇ ಬರೆದೆ. ಇಂಗ್ಲಿಷಿನಲ್ಲಿ ಬರೆಯಲು ಬಾರದೆ ಕನ್ನಡದಲ್ಲಿ ಬರೆದೆ: ಮೊದಲು ಹಾಡುವುದು. ಹಾಡು ಮುಗಿದ ಮೇಲೆ ಸುಮ್ಮನೆ ಕೂರುವುದು. ಶುಕ್ರವಾರ ಸಂಜೆ, ಅಲ್ ವುಕೈರಿನ ನನ್ನ ಮನೆಯಲ್ಲಿ. ಎದ್ದು ನಿಂತು ಓದಿದೆ. ನನ್ನ ಧ್ವನಿ ನಡುಗಿತು; ಏಸಿಯೂ ಕಾರಣವಿರಬಹುದು. ಒಬ್ಬರಿಗೂ ಒಂದಕ್ಷರ ಅರ್ಥವಾಗದಿದ್ದರೂ ಮೂವರು ಕೀನ್ಯಾದವರು "ಆಮೆನ್" ಎಂದರು. ಟೀಚರಮ್ಮ ಅರ್ಥ ಕೇಳಿದರು. ಹೇಳುತ್ತಾ ಹೋದೆ. "ಸುಮ್ಮನೆ" ಎಂಬಲ್ಲಿ ಸಿಕ್ಕಿಹಾಕಿಕೊಂಡೆ. ಮಾತಿಲ್ಲದೆ ಎಂದೂ ಆಗುತ್ತದೆ, ಏನೂ ಕಾರಣವಿಲ್ಲದೆ ಎಂದೂ ಆಗುತ್ತದೆ.

"ಯಾವುದು?" ಎಂದು ಇಂಜಿನಿಯರ್ ಕೇಳಿದರು.

"ಎರಡೂ ಸರ್."

ಅವರು ಬಹಳ ಹೊತ್ತು ಸುಮ್ಮನಿದ್ದು, ನಿದ್ದೆ ಹೋದರೇನೋ ಎಂದು ನಾನು ನೋಡುವಷ್ಟರಲ್ಲಿ, "ಒಪ್ಪಿದೆ" ಎಂದರು.

ಹೊಸ ಜಾಗದ ಮೊದಲ ಶುಕ್ರವಾರ ನನ್ನ ಹಾಲ್ ತುಂಬಿತು. ಗೆಳತಿಯರಿಗೆ ಗೆಳತಿಯರು, ಮೆಟ್ರೊ ಹಿಡಿದು, ವಕ್ರಾದಲ್ಲಿ ಇಳಿದು, ಬಸ್ಸು ಬದಲಿಸಿ ಬಂದಿದ್ದರು. ಇಂಜಿನಿಯರ್ ತಮ್ಮದೇ ಮೆತ್ತೆ ತಂದಿದ್ದರು. ನಾನು ಕರೆಯದಿದ್ದರೂ ಭಾವ ಬಂದರು, ಇಸ್ತ್ರಿ ಅಂಗಿ ಹಾಕಿಕೊಂಡು.

"ಎಂತ, ಆಫೀಸ್ ಓಪನ್ ಮಾಡಿದ್ದೀಯಂತೆ. ನೋಡಿ ಹೋಗುವ ಅಂತ ಬಂದೆ."

ಇನ್‌ಸ್ಪೆಕ್ಷನ್ನಿಗೆ ಬಂದವರಂತೆ ಸೋಫಾದ ತುದಿಯಲ್ಲಿ ಕೂತರು. ಹಾಡು ಶುರುವಾಯಿತು. ಭಾಷೆ ಅವರದ್ದು, ರಾಗ ಮಾತ್ರ ನಮ್ಮ ಸಂಗೀತ ಪುಸ್ತಕದ್ದೇ. ಭಾವನಿಗೆ ತಡೆಯಲಾಗಲಿಲ್ಲ. ಕನ್ನಡದಲ್ಲಿ ಸೇರಿಕೊಂಡು, ಎರಡನೆಯ ಚರಣಕ್ಕೆ ಎಲ್ಲರನ್ನೂ ಹಿಂದೆ ಹಾಕಿದರು. ಕೆಳಗಿನ ಮನೆಯ ಮಲಯಾಳಿ ಚೇಚಿ ಬಾಗಿಲು ತಟ್ಟಿ, "ಬರ್ತ್‌ಡೇನಾ?" ಎಂದು ಕೇಳಿ ಹೋದಳು.

ಹಾಡು ಮುಗಿಯಿತು. ಎಲ್ಲರೂ ಕೂತೆವು. ಭಾವ ನನ್ನ ಕಡೆ ಬಾಗಿದರು.

"ಈಗ ಯಾರು ಮಾತಾಡುವುದು?"

"ಯಾರೂ ಇಲ್ಲ."

"ಮತ್ತೆ ಎಂತ ಮಾಡುವುದು?"

"ಎಂತ ಇಲ್ಲ ಭಾವ. ಕೂರಿ."

ಅವರು ಗಡಿಯಾರ ನೋಡಿದರು. ಅಂಗಿಯ ಗುಂಡಿ ಸರಿಮಾಡಿದರು. ಫೋನ್ ತೆಗೆದು, ನನ್ನ ಮುಖ ನೋಡಿ, ಒಳಗಿಟ್ಟರು. ನಾನು ಕಣ್ಣು ಮುಚ್ಚಿ ನನ್ನವರಿಗಾಗಿ ಕಾದೆ. ಫ್ರಿಜ್ಜಿನ ಸದ್ದು, ಮೇಲಿನ ಮನೆಯ ಮಗು ಚೆಂಡು ಬಡಿಯುವುದು, ಇಂಜಿನಿಯರ್‌ರ ಮೂಗು. ಅವರು ಬರಲಿಲ್ಲ. ಅವರ ಮೌನ ಅಬು ಹಮೂರಿನಲ್ಲಿಯೇ ಉಳಿದುಹೋಗಿತ್ತು. ಆ ವಿಲ್ಲಾಕ್ಕೆ ಈಗ ಯಾರೋ ಪಿಟಿ ಮೇಷ್ಟ್ರು ಬಂದಿದ್ದಾರಂತೆ. ಇಲ್ಲಿ ಕೂತಿದ್ದವರು ಬದುಕಿದ್ದವರು ಮಾತ್ರ, ಬೆವರಿನ ವಾಸನೆಯ, ಬಸ್ಸಿನಲ್ಲಿ ಸುಸ್ತಾದ ಜನ. ಅವರಿಗೆ ಹಾಡಿ ಆಗಿತ್ತು. ಈಗಿನ ಮೌನ ಅವರಿಗೆ ಯಾರೂ ಶ್ ಎಂದು ಹೇಳದ ಮೌನ. ಅದು ಚೆನ್ನಾಗಿತ್ತು. ಅಷ್ಟು ಚೆನ್ನಾಗಿರಬಾರದಿತ್ತು ಎಂದು ನನಗೆ ಸ್ವಲ್ಪ ಬೇಸರವೂ ಆಯಿತು.

ಆಗ ಪಕ್ಕದಲ್ಲಿ ಒಂದು ಶಬ್ದ ಕೇಳಿತು. ಸ್ಕೂಟರ್ ಕಿಕ್ ಹೊಡೆದರೂ ಸ್ಟಾರ್ಟ್ ಆಗದಾಗ ಬರುವಂಥದ್ದು. ನೋಡಿದರೆ ಭಾವ. ಎರಡೂ ಕೈ ಮೊಣಕಾಲ ಮೇಲಿಟ್ಟು, ನೆಟ್ಟಗೆ ಕೂತು, ಅಳುತ್ತಿದ್ದರು. ಹೇಗೆ ಅಳುವುದೆಂದು ಮರೆತವರಂತೆ ಅಳುತ್ತಿದ್ದರು. ಪೆಟ್ಟಿಗೆಯ ಪೇಪರು, ವಿಮಾನದ ಪೇಪರು, ಆಮೇಲೆ ಮೈಕು; ಈ ಮನುಷ್ಯನಿಗೆ ಕೈ ಖಾಲಿಯಾದದ್ದೇ ಇಲ್ಲ. ಎಲ್ಲರೂ ಕೂತೇ ಇದ್ದರು.

ಕೂತೇ ಇದ್ದರು. ಗಂಟೆ ಮುಗಿಯಿತು, ಯಾರೂ ಏಳಲಿಲ್ಲ. ಒಳಗೆ ಅನ್ನ ಆರುತ್ತಿತ್ತು. ಕೀನ್ಯಾದವರು ಬಸ್ಸಿನ ಚಿಂತೆಯಲ್ಲಿ ಬಾಗಿಲು ನೋಡತೊಡಗಿದರು. ಕೊನೆಗೆ ಇಂಜಿನಿಯರ್ ಕೆಮ್ಮಿ, ನನ್ನ ಕಡೆ ನೋಡಿ, ತಮ್ಮ ಬಲಗೈಯನ್ನು ಎಡಗೈಯಿಂದ ಕುಲುಕಿ ತೋರಿಸಿದರು. ಆಗ ನೆನಪಾಯಿತು: ಪಕ್ಕದವರ ಕೈ ಕುಲುಕಿ ಮುಗಿಸಬೇಕಾದವಳು ಕ್ಲಾರ್ಕು. ನಾನು ಏಳಿಸದೆ ಈ ಜನ ಏಳುವಂತಿರಲಿಲ್ಲ.

ಮದುವೆಯಾಗಿ ಬಂದಂದಿನಿಂದ ನಾನು ಭಾವನ ಕೈ ಮುಟ್ಟಿದವಳಲ್ಲ. ಕೈ ಚಾಚಿದೆ. ಅವರು ಒದ್ದೆ ಮುಖ ಎತ್ತಿ ಕೈಯನ್ನೂ ನನ್ನನ್ನೂ ನೋಡಿದರು.

"ಎಂತ, ಖಲಾಸಾ?"

"ಖಲಾಸ್ ಭಾವ."

"ನಾನು ಈಗ ಶುರುಮಾಡಿದ್ದಷ್ಟೇ ಮಾರಾಯ್ತಿ."

"ಮುಂದಿನ ಶುಕ್ರವಾರ ಬನ್ನಿ" ಎಂದೆ. "ಈಗ ಊಟ ಮಾಡಿ. ಅವರಿಗೆ ಬಸ್ಸು ಉಂಟು."